ಜಗಲಿಯ ಮೇಲಿಟ್ಟ ಮಾತು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುವ ಕೆಲಸ ನನ್ನದು. ಚಿಮ್ಮಡದಿಂದ ಬನಹಟ್ಟಿಗೆ ಆಟೊ, ಅಲ್ಲಿಂದ ಜಮಖಂಡಿಗೆ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಬಸ್ಸಿನಲ್ಲಿ ಸೀಟು ಸಿಕ್ಕರೂ ಊರು ದಾಟುವುದರೊಳಗೆ ಎದ್ದು ಬಾಗಿಲ ಹತ್ತಿರ ಹೋಗಿರುತ್ತೇನೆ. ಕಂಡಕ್ಟರುಗಳೆಲ್ಲ ಬೈದು ಬೈದು ಸುಮ್ಮನಾಗಿದ್ದಾರೆ. ನಮ್ಮ ಮನೆಯವರು ಮಾತ್ರ ಇನ್ನೂ ಸುಮ್ಮನಾಗಿಲ್ಲ, "ನಿನ್ನ ಕಾಲಾಗ ಚಕ್ರ ಅದಾವ ನೋಡ" ಎನ್ನುತ್ತಲೇ ಇರುತ್ತಾರೆ.

ಮಗಳು ನಡೆಯಲು ಕಲಿತಾಗಿನಿಂದ ಅಂಗಳದ ಅಂಚು ಹಿಡಿದು ಸುತ್ತುತ್ತಿದ್ದಳು. ತಾಯಿಯ ಕಾಲೇ ಮಗಳಿಗೆ ಬಂದಿವೆ ಎಂದು ಓಣಿಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೆ ಮಾತು ಬರುವ ವಯಸ್ಸು ಬಂತು, ಹೋಯಿತು, ಮಾತು ಬರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ದಿನದ ತಾಟು ಬದಲಾದರೆ ಉಣ್ಣುತ್ತಿರಲಿಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು ಗೋಡೆಗೆ ಮುಖ ಮಾಡಿಯೇ ಇರಬೇಕು, ಇಲ್ಲದಿದ್ದರೆ ಬಂದ ಬೀಗರ ಚಪ್ಪಲಿಯನ್ನೂ ತಿರುಗಿಸಿ ಇಟ್ಟು ಬರುತ್ತಿದ್ದಳು. ಡಾಕ್ಟರು ಆಟಿಸಂ ಎಂದರು. ಆ ಶಬ್ದವನ್ನು ಅತ್ತೆಯವರಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, "ಹಿಂಡಿನ್ಯಾಗ ಒಂದೊಂದ ಕುರಿ ತನ್ನ ದಾರೀಲೆ ತಾನ ನಡೀತಾವ. ಅದಕ್ಕ ಹೆಸರ ಯಾಕ ಬೇಕವಾ" ಎಂದರು. ಆ ಮಾತಿಗೆ ಸಮಾಧಾನಪಡಬೇಕಿತ್ತೋ ಸಿಟ್ಟಾಗಬೇಕಿತ್ತೋ ಇವತ್ತಿಗೂ ನನಗೆ ತಿಳಿದಿಲ್ಲ. ಆವತ್ತು ಸಿಟ್ಟಾದೆ.

ಅತ್ತೆಯವರು ಹುಟ್ಟಿದ್ದೂ ಬೆಳೆದದ್ದೂ ಕುರಿಗಳ ಜೊತೆಗೆ. ಈಗ ಹಿಂಡಿಲ್ಲ, ಹಿತ್ತಲಲ್ಲಿ ನಾಲ್ಕಾರು ಕುರಿ ಉಳಿದಿವೆ. ಮನೆದೇವರು ಬೀರೇಶ್ವರ. ದೇವರನ್ನು ಕೂರಿಸಿದ ಕಟ್ಟೆಗೆ ನಮ್ಮ ಕಡೆ ಜಗಲಿ ಎನ್ನುತ್ತಾರೆ; ಆ ಜಗಲಿಯ ಸುತ್ತ ಅತ್ತೆಯವರ ಮಾತೇ ಕೊನೆಯ ಮಾತು. ಮನೆಗೆ ಏನೇ ಹೊಸದು ಬರಲಿ, ಸೈಕಲ್ಲಾಗಲಿ, ಮಿಕ್ಸರಾಗಲಿ, ಅದರ ಹಣೆಗೆ ಒಂದು ಚಿಟಿಕೆ ಭಂಡಾರ ಬೀಳಲೇಬೇಕು. ಭಂಡಾರವೆಂದರೆ ದೇವರ ಅರಿಶಿನಪುಡಿ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅದು ಇಂದಿಗೂ ಹಳದಿಯಾಗಿ ಕೂತಿದೆ, ಉಜ್ಜಿದರೂ ಹೋಗುವುದಿಲ್ಲ.

ಟ್ಯಾಬ್ ನಮ್ಮ ಮನೆಗೆ ಬಂದದ್ದು ಅಕ್ಕೋರಿಂದ. ಇಂಥ ಮಕ್ಕಳ ಮನೆಗೇ ಬಂದು ಕಲಿಸುವ ಟೀಚರು ಅವರು, ವಾರಕ್ಕೊಮ್ಮೆ ಬರುತ್ತಿದ್ದರು. ಮಾತು ಬರದ ಮಕ್ಕಳಿಗೆಂದೇ ಒಂದು ಆ್ಯಪ್ ಇದೆ ಎಂದು ತೋರಿಸಿದವರು ಅವರೇ. ಪರದೆಯ ಮೇಲೆ ಚೌಕ ಚೌಕವಾಗಿ ಚಿತ್ರಗಳು. ನೀರಿನ ಚಿತ್ರ ಒತ್ತಿದರೆ ಅದು "ನೀರು" ಎನ್ನುತ್ತದೆ. ಅದರೊಳಗಿನ ಹೆಂಗಸಿನ ದನಿ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಕೇಳುವ ದನಿಯ ಹಾಗಿತ್ತು. ಮಗಳು ಅದನ್ನು ಕೇಳಿ ಕಿವಿ ಮುಚ್ಚಿಕೊಂಡಳು. "ಹಂಗಾದ್ರ ನೀವ ಮಾತಾಡ್ರಿ, ಅದಕ್ಕ ನಿಮ್ಮ ದನಿ ತುಂಬೋಣು" ಎಂದರು ಅಕ್ಕೋರು. ಒಂದು ಸಂಜೆ ಕೆಲಸದಿಂದ ಬಂದವಳೇ ಅಡುಗೆಮನೆಯಲ್ಲಿ ನಿಂತು, ಒಂದೊಂದು ಚಿತ್ರಕ್ಕೆ ಒಂದೊಂದು ಶಬ್ದ ಹೇಳುತ್ತ ಹೋದೆ. ಒಲೆಯ ಮೇಲೆ ಕುಕ್ಕರಿತ್ತು. ಎಷ್ಟೋ ಶಬ್ದಗಳ ಹಿಂದೆ ಅದರ ಸೀಟಿ ಈಗಲೂ ಕೇಳುತ್ತದೆ.

ಮೊದಮೊದಲು ಅವಳಿಗೆ ಅದು ಬರೀ ಆಟದ ಸಾಮಾನು. ಫ್ಯಾನಿನ ಚಿತ್ರ ಒತ್ತಿ ಒತ್ತಿ, "ಫ್ಯಾನ್ ಫ್ಯಾನ್ ಫ್ಯಾನ್" ಎಂದು ನನ್ನ ದನಿ ಮನೆ ತುಂಬ ಸುತ್ತುತ್ತಿತ್ತು. ನನಗೆ ತಾಳ್ಮೆ ಕಡಿಮೆ. ಕಿತ್ತು ಬಿಸಾಡಬೇಕು ಎನ್ನಿಸುತ್ತಿತ್ತು. ಅಕ್ಕೋರು ಮಾತ್ರ ಬಂದಾಗಲೆಲ್ಲ ಒಂದೇ ಪಾಠ ಹೇಳುತ್ತಿದ್ದರು: ಅವಳು ಏನನ್ನೇ ಒತ್ತಲಿ, ಅದನ್ನು ಮಾತೆಂದೇ ತಿಳಿಯಿರಿ, ಉತ್ತರ ಕೊಡಿ. ಫ್ಯಾನ್ ಎಂದರೆ ಫ್ಯಾನ್ ಹಾಕಿ. ಹಾಕಿದೆವು. ಚಳಿಗಾಲದಲ್ಲಿಯೂ ಹಾಕಿದೆವು. ಅತ್ತೆಯವರು ಕೌದಿ ಹೊದ್ದು ಕೂತು ನನ್ನನ್ನು ದಿಟ್ಟಿಸಿ ನೋಡುತ್ತಿದ್ದರು.

ಒಂದು ದಿನ ಅವಳು ಬಸ್ಸಿನ ಚಿತ್ರ ಒತ್ತಿ, ನನ್ನ ಕೈ ಹಿಡಿದು ಬಾಗಿಲಿಗೆ ಎಳೆದಳು. ಕರೆದುಕೊಂಡು ಹೋಗಿ ಬಸ್ ತೋರಿಸಿದೆ. ಆಮೇಲೆ ನೀರು, ರೊಟ್ಟಿ, ಹೊರಗೆ. ಆಮೇಲೆ ಒಂದು ಮುಂಜಾನೆ ಹೊಟ್ಟೆ ಹಿಡಿದುಕೊಂಡು ಬಂದು, ಒಂದು ಪುಟ ಸರಿಸಿ, "ನೋವು" ಎಂದಳು. ಅವಳ ಅಳುವಿಗೆ ಕಾರಣ ಹುಡುಕಿ ಹುಡುಕಿ ಸೋತಿದ್ದ ಮನೆ ನಮ್ಮದು. ಹಲ್ಲೋ, ಹೊಟ್ಟೆಯೋ, ಹಸಿವೋ, ದೃಷ್ಟಿಯೋ ಎಂದು ಒಬ್ಬೊಬ್ಬರು ಒಂದೊಂದು ಹೇಳಿ, ಯಾವುದೂ ಅಲ್ಲದೆ, ಅವಳು ಅತ್ತು ದಣಿದು ಮಲಗುವುದನ್ನು ಕಾಯುತ್ತಿದ್ದೆವು. ಅಂಥವಳು ನೋವು ಎಂದು ಹೇಳಿದಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಮ್ಮ ಮನೆಯವರು ಅಂದು ಕೆಲಸಕ್ಕೆ ತಡವಾಗಿ ಹೋದರು.

ರಬಕವಿ ಸೀರೆಯ ಗಟ್ಟಿ ಅಂಚಿನಿಂದ ಒಂದು ಚೀಲ ಹೊಲಿದು, ಟ್ಯಾಬನ್ನು ಅದರೊಳಗಿಟ್ಟು ಅವಳ ಕೊರಳಿಗೆ ಹಾಕಿದೆ. "ಇದು ಆಕಿ ಕೈಗೆ ಯಾವತ್ತೂ ಸಿಗುವಂಗ ಇರಬೇಕ್ರಿ" ಎಂದಿದ್ದರು ಅಕ್ಕೋರು. "ಹಟ ಮಾಡಿದ್ಲಂತ ಕಸಗೊಳ್ಳೂದು, ಅಂಜಿಸೂದು, ಒಟ್ಟ ಮಾಡಬ್ಯಾಡ್ರಿ. ನಮ್ಮ ಬಾಯಿ ಯಾರರೆ ಕಸಗೋತಾರೇನು?" ನಾವು ಕಸಿದುಕೊಳ್ಳಲಿಲ್ಲ. ಬಹಳ ಮರ್ಯಾದೆಯಿಂದ, ಕುಂಕುಮ ಹಚ್ಚಿ, ಹೂ ಏರಿಸಿ ತೆಗೆದುಕೊಂಡೆವು.

ಅದು ದಸರೆಯ ಖಂಡೆ ಪೂಜೆಯ ದಿನ. ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಾರೆ. ಅಲ್ಲಿಟ್ಟ ಮೇಲೆ ಮರುದಿನ ಇಳಿಸುವ ತನಕ ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅವಕ್ಕೂ ಒಂದು ದಿನ ಬಿಡುವು. ಅತ್ತೆಯವರ ಕುಡಗೋಲು, ಮಾವನವರು ಬಿಟ್ಟು ಹೋದ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಲೈನ್‌ಮನ್ ಆಗಿರುವ ನಮ್ಮ ಮನೆಯವರ ತಂತಿ ಕತ್ತರಿಸುವ ಪಕ್ಕಡ, ಟೆಸ್ಟರು, ಕಂಬ ಹತ್ತುವ ಬೆಲ್ಟು. ನಾನು ಹೋಳಿಗೆ ಬೇಯಿಸುತ್ತಿದ್ದೆ. ಹೊರಗೆ ಬಂದು ನೋಡುತ್ತೇನೆ, ಪಕ್ಕಡದ ಪಕ್ಕದಲ್ಲಿ ಮಗಳ ಟ್ಯಾಬ್ ಕೂತಿದೆ. ಮೇಲೆ ಚೆಂಡುಹೂ, ಪರದೆಯ ತುಂಬ ಭಂಡಾರ.

"ಅತ್ತಿ, ಇದನ್ನ್ಯಾಕ ಇಟ್ರಿ?"

"ಎಲ್ಲಾರೂ ತಮ್ಮ ತಮ್ಮ ಸಾಮಾನ ಇಟ್ಟಾರ. ಆ ಕೂಸಿಂದ ಒಂದ ಯಾಕ ಬಿಡಬೇಕು? ಅದೂ ದುಡಿತೈತಿ."

ಖರೆ ಹೇಳಬೇಕೆಂದರೆ, ಆ ಮಾತು ಕೇಳಿ ಒಂದು ಗಳಿಗೆ ನನ್ನ ಕಣ್ಣು ತುಂಬಿತ್ತು. ಆ ಡಬ್ಬಿಯನ್ನು ಆಟಿಕೆ ಎಂದು ಹೀಯಾಳಿಸಿದವರು ಓಣಿಯ ತುಂಬ ಇದ್ದರು. ಅತ್ತೆಯವರು ಅದನ್ನು ಕುಡಗೋಲಿನ ಸಾಲಿಗೆ ಸೇರಿಸಿದ್ದರು. ಕಣ್ಣು ಒರೆಸಿಕೊಂಡ ಮೇಲೆ ಬುದ್ಧಿ ಬಂತು.

"ಪೂಜಿ ಆತಲ್ರಿ, ಇನ್ನ ಇಳಸ್ತೀನಿ. ಆಕೀಗೆ ಬೇಕಾಗತೈತಿ."

"ನಾಳಿ ತನಕಾ ಮುಟ್ಟಬಾರದು."

"ಅದು ಸಾಮಾನ ಅಲ್ಲರಿ ಅತ್ತಿ. ಅದು ಆಕಿ ಬಾಯಿ."

"ಬಾಯಿಗೂ ಒಂದ ದಿನಾ ಪೂಜಿ ಆಗ್ಲಿ ಬಿಡು, ಛಲೋ ಆಗತೈತಿ."

ಅಷ್ಟರಲ್ಲಿ ಮನೆಯವರಿಗೆ ಫೋನು ಬಂತು. ಎಲ್ಲೋ ತಂತಿ ಹರಿದು ಬಿದ್ದಿದೆ, ಕೂಡಲೇ ಹೋಗಬೇಕು. ಅವರು ಜಗಲಿಯತ್ತ ನೋಡಿದರು, ಅವ್ವನತ್ತ ನೋಡಿದರು. ಅತ್ತೆಯವರು ಒಂದು ಚಿಟಿಕೆ ಭಂಡಾರ ಎರಚಿ, ತಾವೇ ಪಕ್ಕಡ, ಬೆಲ್ಟು ಎತ್ತಿ ಕೊಟ್ಟರು. ನಾನು ಕೇಳದೆ ಬಿಡಲಿಲ್ಲ. ಪಕ್ಕಡ ಇಳಿಯುವುದಾದರೆ ಟ್ಯಾಬ್ ಯಾಕೆ ಇಳಿಯಬಾರದು?

"ಅದು ಊರ ಕೆಲಸ. ಮಂದಿ ಕಾಯಾಕತ್ತಾರ. ಇದಕ್ಕ ಯಾರ ಕಾದಾರ?"

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದಕ್ಕೇ ಅದು ಇನ್ನೂ ಚುಚ್ಚಿತು. ಹಬ್ಬದ ದಿನ ಜಗಳ ಬೇಡವೆಂದು ಮನೆಯವರು ಕಣ್ಣಲ್ಲೇ ಬೇಡಿಕೊಂಡು ಹೋದರು. ನಾನು ಹೋಳಿಗೆಯ ಹಂಚನ್ನು ಸದ್ದು ಮಾಡಿ ಇಳಿಸಿದೆ.

ಮಗಳು ಆ ದಿನ ಅಳಲಿಲ್ಲ, ಹಟ ಮಾಡಲಿಲ್ಲ. ಜಗಲಿಯ ಮುಂದೆ ಕೂತು ಮೇಲಿಟ್ಟ ಸಾಮಾನುಗಳನ್ನು ನೋಡುತ್ತಿದ್ದಳು. ಒಂದು ಕಡೆ ಕೂರದ ಹುಡುಗಿ ಸಂಜೆಯವರೆಗೆ ಅಲ್ಲೇ ಕೂತಳು. "ನೋಡ, ದೇವರ ಮುಂದ ಎಷ್ಟ ಶಾಂತ ಆಗೇತಿ ಕೂಸು" ಎಂದರು ಅತ್ತೆಯವರು. ಆ ಶಾಂತಿ ನನಗೆ ಸೇರಲಿಲ್ಲ. ಒಳಗೆ ಹೊರಗೆ ಅಡ್ಡಾಡಿದೆ.

ಮರುದಿನ ಮುಂಜಾನೆ ಮನೆಯವರು ಬನ್ನಿ ಎಲೆ ತರಲು ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಅತ್ತೆಯವರು ಯಾರಿಗೂ ಕಾಯುವವರಲ್ಲ. ಅಪ್ಪ-ಮಗಳು ವಾಪಸ್ಸು ಬರುವುದರೊಳಗೆ ಪೂಜೆ ಮಾಡಿ ಸಾಮಾನು ಇಳಿಸಿಬಿಟ್ಟಿದ್ದರು. ನಾನು ಟ್ಯಾಬನ್ನು ಒರೆಸಿ, ದನಿ ಬರುವ ತೂತುಗಳೊಳಗಿನ ಭಂಡಾರವನ್ನು ಸೂಜಿಯಿಂದ ತೆಗೆದು, ಚೀಲಕ್ಕೆ ಹಾಕಿ, ಮಗಳು ಬಂದ ಕೂಡಲೇ ಕೊರಳಿಗೆ ಹಾಕಿದೆ. ಅವಳು ಚೀಲ ಕಳಚಿದಳು. ಟ್ಯಾಬ್ ಹೊರಗೆ ತೆಗೆದಳು. ನೇರ ಹೋಗಿ, ತುದಿಗಾಲ ಮೇಲೆ ನಿಂತು, ಅದನ್ನು ಜಗಲಿಯ ಮೇಲಿಟ್ಟಳು. ನಿನ್ನೆ ಎಲ್ಲಿತ್ತೋ ಅಲ್ಲೇ.

ನಾನು ಇಳಿಸಿ ಕೊಟ್ಟೆ. ಅವಳು ಮತ್ತೆ ಇಟ್ಟಳು. ಸಂಜೆ ಇಳಿಸಿದೆ, ಇಟ್ಟಳು. ಸಾಲೆಗೆ ಕಳಿಸುವಾಗ ಬ್ಯಾಗಿನಲ್ಲಿ ಹಾಕಿದರೆ, ಬಾಗಿಲು ದಾಟುವ ಮೊದಲು ಬ್ಯಾಗು ತೆರೆದು, ವಾಪಸ್ಸು ಬಂದು ಇಟ್ಟು ಹೋದಳು. ಬಸ್ಸಿನ ಚಿತ್ರವನ್ನು ನಾನೇ ಒತ್ತಿ ತೋರಿಸಿದೆ. ಅವಳು ನನ್ನ ಕೈಯನ್ನು ಪರದೆಯಿಂದ ಎತ್ತಿ ಪಕ್ಕಕ್ಕಿಟ್ಟಳು. ಬೇಕಾದದ್ದಕ್ಕೆ ಮೊದಲಿನ ಹಾಗೆ ನನ್ನ ಮಣಿಕಟ್ಟು ಹಿಡಿದು ಎಳೆಯತೊಡಗಿದಳು, ಸಿಗದಿದ್ದರೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳತೊಡಗಿದಳು. ಅಷ್ಟು ದಿನ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದುಕೊಂಡೆ. ಅತ್ತೆಯವರೂ ನಾನೂ ಮಾತು ಬಿಟ್ಟೆವು. ಉಪ್ಪು ಬೇಕಾದರೂ ಮನೆಯವರ ಮೂಲಕ ಕೇಳುವಷ್ಟು ಬಿಟ್ಟೆವು.

ಆ ದಿನಗಳಲ್ಲೇ ಅವಳಿಗೆ ಜ್ವರ ಬಂತು. ಅಳು ಶುರುವಾಯಿತು. ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿಯುತ್ತಾಳೆ, ತಡೆದರೆ ಪರಚುತ್ತಾಳೆ. ನಾನು ಟ್ಯಾಬ್ ಇಳಿಸಿ ನೋವಿನ ಪುಟ ತೆಗೆದು ಮುಂದೆ ಹಿಡಿದೆ. ಎಲ್ಲಿ ಅಂತ ಹೇಳವ್ವಾ, ಒಂದ ಸಲ ಹೇಳು, ಎಂದೆ. ಅವಳು ಅಳುತ್ತಲೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅಳುತ್ತಲೇ ಹೋಗಿ ಜಗಲಿಯ ಮೇಲಿಟ್ಟು ಬಂದು, ನನ್ನ ಮಡಿಲಲ್ಲಿ ಬಿದ್ದು ಅತ್ತಳು. ಹೊಟ್ಟೆ ಒತ್ತಿ ನೋಡಿದೆವು, ಬಾಯಿ ಬಿಡಿಸಿ ನೋಡಿದೆವು. ಅತ್ತೆಯವರು ದೃಷ್ಟಿ ತೆಗೆದರು. ಕೊನೆಗೆ ಬನಹಟ್ಟಿಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಕಿವಿಯೊಳಗೆ ಕೀವಾಗಿದೆ, ತಡ ಮಾಡಿದ್ದೀರಿ ಎಂದರು. ದಿನವಿಡೀ ಮಂದಿಯ ರಕ್ತ ನೋಡಿ ರೋಗ ಹೇಳುವ ನನಗೆ, ನನ್ನ ಮಗಳ ಕಿವಿ ನೋಯುತ್ತಿದೆ ಎಂದು ಗೊತ್ತಾಗಿರಲಿಲ್ಲ. ಆಟೊದಲ್ಲಿ ಬರುವಾಗ ನನಗೆ ಒಂದೇ ಯೋಚನೆ. ಅವಳು ಮತ್ತೆ ಆ ಟ್ಯಾಬ್ ಮುಟ್ಟಬೇಕು, ಅದೊಂದು ಆಗಬೇಕು, ಬೇರೆ ಏನೂ ನನಗೆ ಬೇಡವಾಗಿತ್ತು.

ಕಿವಿ ವಾಸಿಯಾದ ಮೇಲೆ ಅವಳನ್ನು ಕರೆದುಕೊಂಡು ತವರಿಗೆ, ಮುಧೋಳಕ್ಕೆ ಹೋದೆ. ಜಗಲಿಯಿಲ್ಲದ ಕಡೆ ಹೋದರೆ ಮರೆತಾಳು ಎಂಬ ಆಸೆ. ಜಗಲಿಯಿಲ್ಲದ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಅಲ್ಲಿಯೂ ದೇವರ ಮುಂದೆಯೇ ಇಟ್ಟಳು. ತವರಿನಲ್ಲಿ ಒಬ್ಬ ಹಿರಿಯರು ಕೂತು ನೋಡುತ್ತಿದ್ದರು. "ತಿಮ್ಮಾಪುರದಾಗ ನಾಯಿಗೋಳಿಗೆ ಕಲಸ್ತಾರ, ಒಂದ ಸನ್ನಿಗೆ ಕುಂದರ್ತಾವ ಏಳ್ತಾವ. ಮನಶಾರ ಕೂಸಿಗೆ ಕಲಸಾಕ ಆಗೂದಿಲ್ಲೇನ?" ಎಂದರು. ನನ್ನ ನಾಲಿಗೆ ನನ್ನ ಕೈಯಲ್ಲಿಲ್ಲ. "ನೀವೂ ಅಲ್ಲೇ ಹೋಗಿ ಒಂದೆರಡ ಮಾತ ಕಲತ ಬರ್ರಿ ಮಾಮಾ" ಎಂದೆ. ಅವ್ವ ನನ್ನನ್ನು ಒಳಗೆ ಎಳೆದುಕೊಂಡಳು. ಮಧ್ಯಾಹ್ನದ ಬಸ್ಸಿಗೇ ನಾವು ವಾಪಸ್ಸು ಹೊರಟೆವು.

ಅಕ್ಕೋರು ಬಂದು ಎಲ್ಲ ಕೇಳಿಸಿಕೊಂಡರು, ಯಾರನ್ನೂ ಬೈಯಲಿಲ್ಲ. ಬೀಳಗಿಯಲ್ಲಿ ಇಂಥ ಮಕ್ಕಳನ್ನು ವಾರಕ್ಕೊಮ್ಮೆ ಸೇರಿಸುವ ಒಂದು ಕೋಣೆ ಇದೆ, ಅಲ್ಲಿ ದೊಡ್ಡ ಕಂಪ್ಯೂಟರಿದೆ, ಬರ್ರಿ ನೋಡೋಣು ಎಂದರು. ಪರದೆಯ ಸಾಮಾನಿಗೇ ಅಂಜಿದ್ದಾಳೋ, ನಮ್ಮ ಟ್ಯಾಬಿಗೆ ಮಾತ್ರ ಅಂಜಿದ್ದಾಳೋ ತಿಳಿಯಬೇಕಿತ್ತು. ಹೋದೆವು. ಗೋಡೆಯಷ್ಟಗಲದ ಪರದೆ, ಮುಟ್ಟಿದರೆ ಬಲೂನಿನಂಥ ಬಣ್ಣದ ಬುಗ್ಗೆಗಳು ಒಡೆಯುತ್ತವೆ. ಮಗಳು ಒಂದೊಂದನ್ನೇ ಒಡೆಯುತ್ತ ಗಲಗಲ ನಕ್ಕಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಅಂಜಿಕೆ ಇಲ್ಲ ಎಂದಾಯಿತು. ಹಾಗಾದರೆ ಸಿಟ್ಟೇ? ನಾನು ಅವಸರ ತಡೆಯಲಾರದೆ ಚೀಲದಿಂದ ನಮ್ಮ ಟ್ಯಾಬ್ ತೆಗೆದು ಕೈಗೆ ಕೊಟ್ಟೆ.

ಅವಳು ನಗು ನಿಲ್ಲಿಸಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯನ್ನೆಲ್ಲ ಕಣ್ಣಾಡಿಸಿದಳು. ಮೂಲೆಯಲ್ಲಿ ಒಂದು ಕಪಾಟು, ಅದರ ಮೇಲೆ ಯಾರೋ ಇಟ್ಟ ದೇವರ ಫೋಟೊ, ಒಣಗಿದ ಹೂ. ಕುರ್ಚಿ ಎಳೆದುಕೊಂಡು ಹತ್ತಿ, ಫೋಟೊದ ಪಕ್ಕ ಟ್ಯಾಬನ್ನು ನೆಟ್ಟಗೆ ನಿಲ್ಲಿಸಿದಳು. ಇಳಿದು ಬಂದು ಮತ್ತೆ ಬುಗ್ಗೆ ಒಡೆಯತೊಡಗಿದಳು. ಮುಖದಲ್ಲಿ ಸಿಟ್ಟಿಲ್ಲ, ಹಟವಿಲ್ಲ. ಬೀಗರ ಚಪ್ಪಲಿ ತಿರುಗಿಸಿ ಇಟ್ಟು ಬಂದಾಗಿನ ಮುಖ. ಅವಳು ನಮ್ಮ ಮಾತು ಕೇಳುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಕೇಳದಷ್ಟು ಕೇಳುತ್ತಿದ್ದಳು.

ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ನಾನು ಎಂದಿನಂತೆ ನಿಂತಿದ್ದೆ. ಜಮಖಂಡಿ ಹತ್ತಿರ ಬಂದಾಗ ನನಗೆ ಹೊಳೆಯಿತು. ಟ್ಯಾಬ್ ಜಗಲಿಯ ಮೇಲೆ ಹೋದದ್ದನ್ನು ಅವಳು ನೋಡಿದ್ದಾಳೆ. ಅಜ್ಜಿ ಎತ್ತಿದ್ದು, ಹೂ ಇಟ್ಟಿದ್ದು, ಮುಟ್ಟಬಾರದು ಎಂದದ್ದು, ಎಲ್ಲ ಕೂತು ನೋಡಿದ್ದಾಳೆ. ಅಪ್ಪನ ಪಕ್ಕಡವನ್ನು ಅಜ್ಜಿಯೇ ಇಳಿಸಿ ಕೊಟ್ಟದ್ದನ್ನೂ ನೋಡಿದ್ದಾಳೆ. ತನ್ನದು ಇಳಿದದ್ದನ್ನು ಮಾತ್ರ ನೋಡಿಲ್ಲ, ಆಗ ಅವಳು ಬನ್ನಿ ತರಲು ಹೋಗಿದ್ದಳು. ಅವಳ ಲೆಕ್ಕದಲ್ಲಿ ಖಂಡೆ ಪೂಜೆ ಇನ್ನೂ ಮುಗಿದಿಲ್ಲ. ನಾನು ಕಂಡ ಕಂಡಾಗ ಕಿತ್ತು ಕೊಟ್ಟದ್ದೆಲ್ಲ ಅವಳಿಗೆ ತಪ್ಪಾಗಿ ಕಂಡಿದೆ, ಅವಳು ನನ್ನ ತಪ್ಪು ತಿದ್ದುತ್ತಿದ್ದಾಳೆ.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಹೋದೆ. ಅತ್ತೆಯವರು ಕುರಿಗೆ ಸೊಪ್ಪು ಹಾಕುತ್ತಿದ್ದರು. ಅಷ್ಟು ದಿನ ಬಿಟ್ಟಿದ್ದ ಮಾತನ್ನು ನಾನೇ ಆಡಿದೆ.

"ಅತ್ತಿ, ಇನ್ನೊಂದ ಸಲ ಖಂಡೆ ಪೂಜಿ ಮಾಡ್ರಿ."

ಅವರು ನನ್ನ ಮುಖ ನೋಡಿದರು. ನಾನು ಎಲ್ಲ ಬಿಡಿಸಿ ಹೇಳಿದೆ. ಕೊನೆಗೆ, ನೀವು ಇಳಿಸಿ ಕೊಡುವುದನ್ನು ಅವಳು ಕಣ್ಣಾರೆ ನೋಡಬೇಕು, ಸುಮ್ಮನೆ ಒಂದೆರಡು ಊದುಬತ್ತಿ ಹಚ್ಚಿ, ಪೂಜೆ ಮಾಡಿದ ಹಾಗೆ ಮಾಡಿದರೂ ಸಾಕಾಗಬಹುದು ಎಂದೆ. ಅಲ್ಲಿ ಎಡವಿದೆ.

"ಮಾಡಿದಂಗ ಮಾಡೂದಂದ್ರ? ದೇವರ ಮುಂದ ನಾಟಕ ಆಡಾಕ ಬರೂದಿಲ್ಲ."

"ನಾಟಕ ಅಲ್ಲರಿ, ಆಕೀಗೆ ತೋರಸಾಕ."

"ತೋರಸಾಕ ಮಾಡಿದ್ದು ನಾಟಕನ." ಸೊಪ್ಪಿನ ಕಂತೆ ಬಿಚ್ಚಿ ಕುರಿಗಳ ಮುಂದೆ ಹರಡಿದರು. ನಾನು ಹೊರಡಲು ತಿರುಗಿದಾಗ ಹಿಂದಿನಿಂದ ಮಾತು ಬಂತು. "ಆಕಿ ಕಿವಿ ಬ್ಯಾನಿ ನಾನೂ ನೋಡೇನಿ. ನಾನ ಏರಿಸಿದ್ದು, ನಾನ ಇಳಸಬೇಕು. ಖರೇ ಪೂಜಿನ ಮಾಡ್ತೀನಿ, ಒಂದೂ ಬಿಡೂದಿಲ್ಲ. ಆರತಿ ಆದ ಮ್ಯಾಲೆ ಅವತ್ತ ಆಕಿ ಮುಂದನ ಇಳಸ್ತೀನಿ. ರವಿವಾರ ಹೋಳಗಿ ಮಾಡು."

ರವಿವಾರ ನಮ್ಮ ಮನೆಯಿಂದ ಹೋಳಿಗೆಯ ವಾಸನೆ ಹೊರಟಾಗ ಓಣಿಯವರು ಇಣುಕಿದರು. "ದಸರಿ ಮುಗದ ಯಾವ ಕಾಲ ಆತು, ಇದೇನ್ರಿ ಈಗ?" ಎಂದು ಪಕ್ಕದ ಮನೆಯಾಕೆ ಕೇಳಿದಳು. "ನಮ್ಮ ಮನ್ಯಾಗ ಇನ್ನೂ ಮುಗದಿಲ್ಲವಾ" ಎಂದರು ಅತ್ತೆಯವರು, ನಗದೆ. ಕುಡಗೋಲು, ಕತ್ತರಿ, ಕೊಡಲಿ ಎಲ್ಲ ಮತ್ತೆ ತೊಳೆದು ಬಂದವು. ಪಕ್ಕಡ, ಟೆಸ್ಟರು, ಬೆಲ್ಟು ಅವವೇ ಜಾಗಗಳಲ್ಲಿ ಕೂತವು. ಟ್ಯಾಬ್ ಹೇಗೂ ಅಲ್ಲೇ ಇತ್ತು. ಮುಂಜಾನೆಯೇ ಅದಕ್ಕೆ ಚಾರ್ಜು ತುಂಬಿ ವಾಪಸ್ಸು ಇಟ್ಟಿದ್ದೆ. ಮಗಳು ಯಾರೂ ಕರೆಯದೆ ಬಂದು ಜಗಲಿಯ ಮುಂದೆ ಕೂತಳು.

ಖರೇ ಪೂಜೆ ಎಂದರೆ ಅತ್ತೆಯವರು ಖರೇ ಪೂಜೆಯನ್ನೇ ಮಾಡಿದರು. ಒಂದೊಂದು ಸಾಮಾನಿಗೂ ಬೇರೆ ಬೇರೆ ಕುಂಕುಮ, ಬೇರೆ ಬೇರೆ ಹೂ. ಕಾಯಿ ಒಡೆದಾಯಿತು, ಲೋಬಾನ ಹಾಕಿದ್ದಾಯಿತು. ಆಮೇಲೆ ಆರತಿ ತಟ್ಟೆ ಎತ್ತಿಕೊಂಡು ಹಾಡು ಶುರು ಮಾಡಿದರು. ಹಬ್ಬದ ದಿನ ಅವಸರದಲ್ಲಿ ಬಿಟ್ಟುಬಿಡುವ ನುಡಿಗಳನ್ನೂ ಬಿಡಲಿಲ್ಲ. ಒಂದು ಕೈಯಲ್ಲಿ ಆರತಿ, ಒಂದು ಕೈಯಲ್ಲಿ ಗಂಟೆ. ಒಂದು ನುಡಿ ಮುಗಿದು, ಇನ್ನೇನು ಟ್ಯಾಬ್ ಇಳಿಸುತ್ತಾರೆ ಎನ್ನುವಷ್ಟರಲ್ಲಿ ಮುಂದಿನದು.

ಮಗಳು ಮೊದಲು ಮೈ ತೂಗಿದಳು, ಆಮೇಲೆ ಕಿವಿ ಮುಚ್ಚಿಕೊಂಡಳು. ಗಂಟೆಯ ಸದ್ದು ಅವಳಿಗೆ ಆಗುವುದಿಲ್ಲ. ಇನ್ನು ಎದ್ದು ಓಡಿಬಿಟ್ಟರೆ ಎಲ್ಲ ಮುಗಿಯಿತು, ಇಳಿಯುವುದನ್ನು ಈ ಸಲವೂ ನೋಡುವುದಿಲ್ಲ. ನನ್ನ ಕಾಲು ನಿಂತಲ್ಲಿ ನಿಲ್ಲಲೊಲ್ಲವು. ಮನೆಯವರು ಮೆಲ್ಲಗೆ ನನ್ನ ಸೆರಗು ಹಿಡಿದು, ತಡಿ ಎಂಬಂತೆ ತಲೆ ಆಡಿಸಿದರು. ಈ ಮನೆಗೆ ಬಂದಾಗಿನಿಂದ ಇದೇ ಜಾಗದಲ್ಲಿ, ಇವರ ಬೆನ್ನ ಹಿಂದೆ ನಿಂತು, ಈ ಹಾಡು ಮುಗಿಯಲಿ ಎಂದು ಕಾದಿದ್ದೇನೆ. ಬಸರಿಯಿದ್ದಾಗ ಕಾದಿದ್ದೇನೆ, ಬಸ್ಸು ತಪ್ಪಿಸಿಕೊಂಡು ಕಾದಿದ್ದೇನೆ. ಹೊರಗೆ ಎಲ್ಲರಿಗೂ ಕೊಯ್ದಂತೆ ಉತ್ತರ ಕೊಡುವ ಬಾಯಿ, ಇವರ ಬೆನ್ನ ಹಿಂದೆ ಒಂದು ಸಲವೂ ತೆರೆದಿಲ್ಲ.

ಮಗಳು ಎದ್ದಳು. ಓಡಲಿಲ್ಲ. ಜಗಲಿಯ ಹತ್ತಿರ ಹೋಗಿ, ತುದಿಗಾಲ ಮೇಲೆ ನಿಂತು, ಕೈ ಚಾಚಿ ಟ್ಯಾಬನ್ನು ಎಳೆದುಕೊಂಡಳು. ಹೂ ಜಾರಿ ಬಿತ್ತು, ಭಂಡಾರ ಅವಳ ಅಂಗಿಯ ಮೇಲೆಲ್ಲ ಉದುರಿತು. ಇಳಿಸಿ ಕೊಡುವವರೆಗೆ ಮುಟ್ಟಬಾರದಿತ್ತು. ಅತ್ತೆಯವರ ಹಾಡು ನಿಲ್ಲಲಿಲ್ಲ, ಆದರೆ ಗಂಟೆ ಹಿಡಿದ ಕೈ ಅವಳನ್ನು ತಡೆಯಲು ಮುಂದಕ್ಕೆ ಬಂತು. ಮಗಳು ಅತ್ತ ನೋಡಲೇ ಇಲ್ಲ. ಅಲ್ಲೇ ಕೂತು, ಹಳದಿ ಬೆರಳಿನಿಂದ ಒಂದು ಪುಟ ಸರಿಸಿದಳು, ಇನ್ನೊಂದು ಸರಿಸಿದಳು, ಹುಡುಕಿ ಒತ್ತಿದಳು.

"ಸಾಕು."

ನನ್ನ ದನಿ. ಯಾವುದೋ ಸಂಜೆ ದಣಿದು ಬಂದು ಬೇಸರದಿಂದ ಹೇಳಿದ್ದು, ಗಟ್ಟಿಯಾಗಿ, ಸ್ವಲ್ಪ ಸಿಡುಕಾಗಿ. ಹಾಡು ಕತ್ತರಿಸಿದಂತೆ ನಿಂತಿತು. ಅತ್ತೆಯವರು ಆರತಿ ತಟ್ಟೆಯ ಸಮೇತ ನನ್ನತ್ತ ತಿರುಗಿದರು. ಆ ನೋಟವನ್ನು ನಾನು ಮರೆಯಲಾರೆ. ಮನೆಯವರ ಕೈ ನನ್ನ ಸೆರಗನ್ನು ಬಿಟ್ಟಿತ್ತು.

"ನಾ ಅಲ್ಲರಿ ಅತ್ತಿ" ಎಂದೆ. ಕೈಯಿಂದ ಮಗಳನ್ನು ತೋರಿಸಿದೆ.

ಅವಳು ತಲೆ ಎತ್ತದೆ ಮತ್ತೆ ಒತ್ತಿದಳು. "ಸಾಕು."

ಅತ್ತೆಯವರು ಅವಳನ್ನೇ ನೋಡುತ್ತ ನಿಂತರು. ಕರ್ಪೂರ ಉರಿಯುತ್ತಿತ್ತು, ಹಾಡಿನ ನುಡಿಗಳು ಇನ್ನೂ ಉಳಿದಿದ್ದವು. ದೇವರ ಮುಂದೆ ಅರ್ಧಕ್ಕೆ ಬಿಡುವ ಹೆಂಗಸಲ್ಲ ಅವರು. ಆಮೇಲೆ ನಿಧಾನಕ್ಕೆ ಬಗ್ಗಿ, ಅವಳ ಮುಖದ ಸಮಕ್ಕೆ ಮುಖ ತಂದು, ನನ್ನನ್ನಾಗಲಿ ಮಗನನ್ನಾಗಲಿ ಕೇಳದೆ,

"ಸಾಕೇನವ್ವಾ?" ಎಂದು ಅವಳನ್ನೇ ಕೇಳಿದರು.

"ಸಾಕು" ಎಂದಿತು ನನ್ನ ದನಿ, ಮೊಮ್ಮಗಳ ಬೆರಳಿನಿಂದ.

"ಆತು ತಗೋ" ಎಂದು ಅತ್ತೆಯವರು ಗಂಟೆಯನ್ನು ನೆಲಕ್ಕಿಟ್ಟರು.